‘ಸರ್ವಾನುಮತ’ ಎಂದು ಬರೆಯುವ ಮುನ್ನ

(ರಾಯಚೂರು ನಗರದಲ್ಲಿ ಜರುಗಿದ, ದೇವದುರ್ಗ ಮತ್ತು ಮಾನ್ವಿಯ ಕುಟುಂಬಗಳೂ ಪಾಲ್ಗೊಂಡಿದ್ದ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಂತಿ, ಸಾಮಾಜಿಕ ನ್ಯಾಯ ಮತ್ತು ಸಮುದಾಯ ಜೀವನದ ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ನಮ್ಮನ್ನು ಕರೆದಿದ್ದಾರೆ. ವಿಷಯ ದೊಡ್ಡದು. ಆದರೆ ನಾವು ಒಂದು ಸಣ್ಣ ತಪ್ಪೊಪ್ಪಿಗೆಯಿಂದ ಮಾತನ್ನು ಆರಂಭಿಸಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಊರಿನಲ್ಲಿ ಮಸೀದಿ ಕಮಿಟಿಯ ಸಭೆ ನಡೆಯಿತು. ಊರಿನ ಹೆಸರು ಬೇಡ; ಅದು ಯಾವ ಊರೂ ಆಗಿರಬಹುದು. ಮಸೀದಿಯ ನೆಲಕ್ಕೆ ಹೊಸ ಅಮೃತಶಿಲೆ ಹಾಸುವ ಪ್ರಸ್ತಾಪ ಸಭೆಯ ಮುಂದಿತ್ತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ಗಾರೆ ಕಾರ್ಮಿಕರೊಬ್ಬರು ಎದ್ದು ನಿಂತರು. “ನಾವು ಗುಳೆ ಹೋದಾಗ ಮಕ್ಕಳ ಶಾಲೆ ತಪ್ಪುತ್ತದೆ. ಮಸೀದಿಯ ಪಕ್ಕದ ಖಾಲಿ ಜಾಗದಲ್ಲಿ ಎರಡು ಕೋಣೆ ಕಟ್ಟಿದರೆ ಮಕ್ಕಳನ್ನು ಇಲ್ಲೇ ಬಿಟ್ಟು ಹೋಗಬಹುದು” ಎಂದು ಅವರು ಹೇಳತೊಡಗಿದರು. ಮಾತು ಮುಗಿಯುವ ಮುಂಚೆಯೇ ಮುಂದಿನ ಸಾಲಿನಿಂದ ಯಾರೋ “ಕೂತ್ಕೋ, ಆ ವಿಷಯ ಆಮೇಲೆ” ಎಂದರು. ಅವರು ಕುಳಿತರು. ಕೈಗಳು ಮೇಲೆದ್ದವು, ಪ್ರಸ್ತಾಪ ಅಂಗೀಕಾರವಾಯಿತು. ವರದಿಗೆಂದು ಹೋಗಿದ್ದ ನಾವು ಏನು ಬರೆದೆವು ಗೊತ್ತೇ? “ಸಭೆಯು ಸರ್ವಾನುಮತದಿಂದ ನಿರ್ಣಯಿಸಿತು” ಎಂದು ಬರೆದೆವು!

ಸರ್ವಾನುಮತ. ಎಲ್ಲರ ಸಮ್ಮತಿ. ನಮ್ಮ ಸಂಘ ಸಂಸ್ಥೆಗಳ ನಡಾವಳಿ ಪುಸ್ತಕಗಳಲ್ಲಿ ಈ ಪದಕ್ಕೆ ಬರವಿಲ್ಲ. ಆದರೆ ಈ ಪದವನ್ನು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಅಕ್ಷರಶಃ ಪಾಲಿಸಲು ಹೆಣಗುತ್ತ ಬಂದಿರುವ ಒಂದು ಸಣ್ಣ ಸಮುದಾಯ ಜಗತ್ತಿನಲ್ಲಿದೆ. ಅದರ ಶಾಂತಿಯ ಕಲ್ಪನೆ, ನ್ಯಾಯದ ಕಲ್ಪನೆ, ಸಮುದಾಯ ಜೀವನ ಎಲ್ಲವೂ ಈ ಒಂದು ಹೆಣಗಾಟಕ್ಕೆ ಕಟ್ಟುಬಿದ್ದಿವೆ. ಆ ಸಮುದಾಯವೇ ಕ್ವೇಕರರು. ಇಂದು ಅವರ ಕುರಿತು ಹೇಳಬಯಸುತ್ತೇವೆ.

ಅನ್ಯಧರ್ಮೀಯರಿಂದ ನಾವೇಕೆ ಕಲಿಯಬೇಕು ಎಂದು ಕೆಲವರಿಗೆ ಅನಿಸಬಹುದು. ಮದ್ರಸಾದ ಚಾಪೆಯ ಮೇಲೆ ಕುಳಿತು ಓದಿ, ಆನಂತರ ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತ ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ನಮ್ಮ ಸೀರತ್ ಗ್ರಂಥಗಳಲ್ಲೇ ಇದೆ. ಪ್ರವಾದಿತ್ವಕ್ಕೆ ಮುಂಚೆ ಮಕ್ಕಾದಲ್ಲಿ ಹೊರ ಊರಿನ ವ್ಯಾಪಾರಿಯೊಬ್ಬನಿಗೆ ಪ್ರಬಲರೊಬ್ಬರು ಹಣ ಕೊಡದೆ ಮೋಸ ಮಾಡಿದಾಗ, ಕೆಲವು ಕುಲಗಳವರು ಸೇರಿ ಮರ್ದಿತನ ಪರ ನಿಲ್ಲುವ ಒಪ್ಪಂದ ಮಾಡಿಕೊಂಡರು. ಅದೇ ಹಿಲ್ಫುಲ್ ಫುಝೂಲ್. ಪ್ರವಾದಿ ಮುಹಮ್ಮದ್(ಸ) ಅದರಲ್ಲಿ ಪಾಲ್ಗೊಂಡಿದ್ದರು. ಮುಂದೆಯೂ ಆ ಒಪ್ಪಂದವನ್ನು ಮೆಚ್ಚುಗೆಯಿಂದ ಸ್ಮರಿಸಿದರು. ಒಳಿತು ಯಾರ ಕೈಯಲ್ಲಿದ್ದರೂ ಒಳಿತೇ. ವಿಶ್ವಾಸದಲ್ಲಿ ಕ್ವೇಕರರ ದಾರಿ ಬೇರೆ, ನಮ್ಮದು ಬೇರೆ, ಅದರಲ್ಲಿ ಗೊಂದಲವಿಲ್ಲ. ನಾವು ನೋಡಬೇಕಾದುದು ಅವರ ನಡವಳಿಕೆಯನ್ನು.

17ನೇ ಶತಮಾನದ ಇಂಗ್ಲೆಂಡ್ ಅಂತರ್ಯುದ್ಧದಲ್ಲಿ ಬೆಂದುಹೋಗಿತ್ತು. ಆಗ ನೇಕಾರರೊಬ್ಬರ ಮಗ ಜಾರ್ಜ್ ಫಾಕ್ಸ್ (1624-1691) ಊರೂರು ತಿರುಗಿ, ದೇವನ ಮತ್ತು ಮನುಷ್ಯನ ನಡುವೆ ಸಂಬಳದ ಪುರೋಹಿತನ ಅಗತ್ಯವಿಲ್ಲ, ಪ್ರತಿಯೊಬ್ಬನ ಅಂತರಂಗದಲ್ಲೂ ದೇವನ ಬೆಳಕಿದೆ ಎಂದು ಸಾರಿದರು. ದೇವನ ಮಾತಿಗೆ ನಡುಗಬೇಕೆಂದು ಅವರು ಹೇಳಿದ್ದನ್ನೇ ಹಿಡಿದು 1650ರಲ್ಲಿ ನ್ಯಾಯಾಧೀಶರೊಬ್ಬರು ‘ನಡುಗುವವರು’ ಎಂಬ ಅರ್ಥದಲ್ಲಿ ‘ಕ್ವೇಕರರು’ ಎಂದು ಹಂಗಿಸಿದರು. ಹಂಗಿಸಿದ ಹೆಸರೇ ಉಳಿಯಿತು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಮಿತ್ರರು’ ಎಂದು.

ಪ್ರತಿಯೊಬ್ಬನಲ್ಲೂ ದೇವನ ಬೆಳಕಿದೆ ಎಂದ ಮೇಲೆ ಒಬ್ಬನಿಗೆ ಟೋಪಿ ತೆಗೆದು ಬಾಗುವುದು, ಇನ್ನೊಬ್ಬನನ್ನು ಗದರಿಸುವುದು ಹೇಗೆ ಸಾಧ್ಯ? ಅವರು ನ್ಯಾಯಾಧೀಶರ ಮುಂದೆಯೂ ಟೋಪಿ ತೆಗೆಯಲಿಲ್ಲ. ದೊಡ್ಡವರಿಗೆ ಬಹುವಚನ, ಆಳಿಗೆ ಏಕವಚನ ಎಂಬ ಅಂದಿನ ರೂಢಿಯನ್ನು ಮುರಿದು ಎಲ್ಲರನ್ನೂ ಒಂದೇ ರೀತಿ ಸಂಬೋಧಿಸಿದರು. ಇದಕ್ಕಾಗಿ ಏಟು ತಿಂದರು, ಜೈಲು ಸೇರಿದರು. ಸಹೋದರರೇ, ಏಕವಚನ ಬಹುವಚನಗಳ ಈ ಗಣಿತ ನಮಗೆ ಚೆನ್ನಾಗಿ ಗೊತ್ತು. ನಮ್ಮ ಅಂಗಡಿಗೆ ತಹಶೀಲ್ದಾರರು ಬಂದರೆ “ಬನ್ನಿ, ಕೂಡ್ರಿ” ಎನ್ನುತ್ತೇವೆ. ಅವರಪ್ಪನ ವಯಸ್ಸಿನ ಕೂಲಿಯವನು ಬಂದರೆ “ಏನೋ, ಏನ್ ಬೇಕೋ?” ಎನ್ನುತ್ತೇವೆ. ನಮಾಝಿನ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ಮಸೀದಿಯ ಮೆಟ್ಟಿಲಿಳಿಯುವಷ್ಟರಲ್ಲಿ ‘ನೀವು’ ಮತ್ತು ‘ನೀನು’ ಆಗಿ ಒಡೆದು ಹೋಗುತ್ತೇವೆ.

ವ್ಯಾಪಾರದಲ್ಲೂ ಅವರು ಇದೇ ನಿಯಮ ಪಾಲಿಸಿದರು. ಗಿರಾಕಿಯ ಮುಖ ನೋಡಿ ಬೆಲೆ ಹೇಳುವುದು ಅಂದಿನ ಪದ್ಧತಿಯಾಗಿತ್ತು. ಕ್ವೇಕರ್ ವರ್ತಕರು ಎಲ್ಲರಿಗೂ ಒಂದೇ ಬೆಲೆ ಎಂದರು. ಮೊದಮೊದಲು ಜನ ಇವರ ಅಂಗಡಿಗಳಿಂದ ದೂರ ಸರಿದರು. ಸಣ್ಣ ಮಗುವನ್ನು ಕಳಿಸಿದರೂ ಮೋಸವಾಗುವುದಿಲ್ಲ ಎಂಬುದು ಅರಿವಾದಾಗ ಅಲ್ಲಿಗೇ ಬರತೊಡಗಿದರು. ಹತ್ತಿ ಮತ್ತು ಭತ್ತದ ವ್ಯಾಪಾರದಲ್ಲಿ ಬದುಕುವ ಈ ಊರಿನಲ್ಲಿ ನಾವು ಅಮಾನತ್ ಕುರಿತು ಎಷ್ಟು ಉಪನ್ಯಾಸ ಕೇಳಿಲ್ಲ! ಒಂದು ತೂಕ, ಒಂದು ಬೆಲೆ, ಒಂದು ನಾಲಿಗೆ ಎಂಬ ಖ್ಯಾತಿ ಗಳಿಸಿದ ಅಂಗಡಿಯು ನೂರು ಉಪನ್ಯಾಸಗಳಿಗೆ ಸಮ.

ಇಲ್ಲಿ ಸಹೋದರಿಯರಿಗಾಗಿ ಒಂದು ಪ್ರಸಂಗ. ಮೇರಿ ಫಿಶರ್ ಎಂಬ ಕ್ವೇಕರ್ ಮಹಿಳೆ ಮೂಲತಃ ಮನೆಗೆಲಸದವಳು. ತನ್ನ ನಂಬಿಕೆಯನ್ನು ಬಹಿರಂಗವಾಗಿ ಹೇಳಿದ್ದಕ್ಕೆ 1653ರಲ್ಲಿ ಕೇಂಬ್ರಿಜ್‌ನಲ್ಲಿ ಆಕೆಗೆ ಚಾಟಿಯೇಟು ಬಿತ್ತು. 1656ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆಕೆಯನ್ನು ಸೆರೆಗೆ ತಳ್ಳಿ ಪುಸ್ತಕಗಳನ್ನು ಸುಡಲಾಯಿತು. 1658ರಲ್ಲಿ ಆಕೆ ಬಹುದೂರ ಕಾಲ್ನಡಿಗೆಯಲ್ಲಿ ಸಾಗಿ ಆಡ್ರಿಯಾನೋಪಲ್‌ನಲ್ಲಿ ಬೀಡುಬಿಟ್ಟಿದ್ದ ಉಸ್ಮಾನಿ ಸುಲ್ತಾನ ನಾಲ್ಕನೇ ಮುಹಮ್ಮದರ ಬಳಿಗೆ ಹೋದಳು. ತನಗೆ ದೇವನು ಒಪ್ಪಿಸಿದ ಸಂದೇಶವಿದೆ ಎಂದಳು. ಸುಲ್ತಾನರು ತಾಳ್ಮೆಯಿಂದ ಆಲಿಸಿ, ಮರುಪ್ರಯಾಣಕ್ಕೆ ಬೆಂಗಾವಲು ಕೊಡುತ್ತೇನೆಂದರು. ಆಕೆ ವಿನಯದಿಂದ ನಿರಾಕರಿಸಿ ಹೊರಟಳು. ತನ್ನದೇ ಧರ್ಮದವರ ನಾಡಿನಲ್ಲಿ ಚಾಟಿಯೇಟು ತಿಂದ ಮಹಿಳೆಗೆ ಮುಸ್ಲಿಮ್ ದೊರೆಯ ಡೇರೆಯಲ್ಲಿ ಗೌರವ ದೊರೆಯಿತು! ಇದನ್ನು ಹೇಳಿಕೊಂಡು ಹೆಮ್ಮೆಪಡುವುದು ಸುಲಭ. ಆದರೆ ಪ್ರಶ್ನೆ ಇಷ್ಟೇ: ಆ ಸುಲ್ತಾನರ ಡೇರೆಯಲ್ಲಿ ಪರಕೀಯ ಮಹಿಳೆಯೊಬ್ಬಳ ಮಾತಿಗೆ ಇದ್ದ ಜಾಗ, ಇಂದು ನಮ್ಮ ಮೊಹಲ್ಲಾ ಸಭೆಯಲ್ಲಿ ನಮ್ಮದೇ ಅಕ್ಕತಂಗಿಯರ ಮಾತಿಗೆ ಇದೆಯೇ?

ಈಗ ಶಾಂತಿಯ ವಿಷಯಕ್ಕೆ ಬರೋಣ. 1661ರ ಜನವರಿಯಲ್ಲಿ ಲಂಡನ್ನಿನಲ್ಲಿ ಬೇರೊಂದು ಗುಂಪು ಶಸ್ತ್ರದಂಗೆ ಎಬ್ಬಿಸಿದಾಗ ಸಂಶಯದ ಮೇಲೆ ಸಾವಿರಾರು ಕ್ವೇಕರರನ್ನು ಬಂಧಿಸಲಾಯಿತು. ಯಾರೋ ಮಾಡಿದ ಕೃತ್ಯಕ್ಕೆ ಇಡೀ ಸಮುದಾಯವನ್ನು ಹೊಣೆಯಾಗಿಸುವುದು ಎಂಥದ್ದೆಂದು ನಿಮಗೆ ವಿವರಿಸಬೇಕಾಗಿಲ್ಲ. ಆಗ ಅವರು ರಾಜ ಎರಡನೇ ಚಾರ್ಲ್ಸ್‌ಗೆ ಒಂದು ಘೋಷಣೆ ಸಲ್ಲಿಸಿದರು. ಯಾವ ಉದ್ದೇಶಕ್ಕೂ, ಯಾವ ನೆಪದಲ್ಲೂ ತಾವು ಶಸ್ತ್ರ ಹಿಡಿಯುವುದಿಲ್ಲ ಎಂಬುದು ಅದರ ಸಾರ. ಸಂಕಟ ಕಳೆದ ಮೇಲೆ ಅವರು ಅದನ್ನು ಮರೆಯಲಿಲ್ಲ. ಇಂದಿಗೂ ಅದು ಅವರ ಬದುಕಿನ ಪ್ರಮಾಣವಾಗಿದೆ. ಅನ್ಯಾಯದ ವಿರುದ್ಧ ಆತ್ಮರಕ್ಷಣೆಯ ಹಕ್ಕಿನ ಕುರಿತು ನಮ್ಮ ನಿಲುವು ಅವರದಕ್ಕಿಂತ ಭಿನ್ನ. ಆದರೆ ಅವರಿಂದ ತಿಳಿಯಬೇಕಾದ ವಿಷಯವೊಂದಿದೆ. ಅವರ ಪಾಲಿಗೆ ಶಾಂತಿಯೆಂದರೆ ಗಲಾಟೆಯಿಲ್ಲದ ದಿನ ಮನೆಯಲ್ಲಿ ಕುಳಿತಿರುವುದಲ್ಲ. ಗಲಾಟೆಯಾದ ಕಡೆಗೆ ಬರಿಗೈಯಲ್ಲಿ ಹೋಗುವುದು.

1846ರಲ್ಲಿ ಐರ್ಲೆಂಡ್‌ನಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಕ್ವೇಕರರು ಗಂಜಿ ಕೇಂದ್ರಗಳನ್ನು ತೆರೆದರು. ಗಂಜಿಯ ಬದಲಿಗೆ ಮತ ಬದಲಿಸು ಎಂದು ಕೇಳುವವರೂ ಆಗ ಅಲ್ಲಿದ್ದರು, ಕ್ವೇಕರರು ಕೇಳಲಿಲ್ಲ. ಮೊದಲನೇ ಮಹಾಯುದ್ಧ ಮುಗಿದಾಗ ಅಮೆರಿಕದ ಕ್ವೇಕರರು ಸೋತ ಶತ್ರುದೇಶ ಜರ್ಮನಿಯ ಲಕ್ಷಾಂತರ ಮಕ್ಕಳಿಗೆ ದಿನನಿತ್ಯ ಊಟ ಹಾಕಿದರು. ನಮ್ಮ ದೇಶದಲ್ಲಿ 1942ರ ಮೇದಿನಿಪುರದ ಚಂಡಮಾರುತ ಮತ್ತು 1943ರ ಬಂಗಾಳದ ಬರಗಾಲದಲ್ಲಿ ಅವರ ತಂಡ ದುಡಿಯಿತು. ಆ ತಂಡದ ಹೊಣೆ ಹೊತ್ತು ಬಂದ ಹೊರೇಸ್ ಅಲೆಕ್ಸಾಂಡರ್, 1947ರ ಆಗಸ್ಟ್‌ನಲ್ಲಿ ಕಲ್ಕತ್ತೆ ಹೊತ್ತಿ ಉರಿಯುವ ಭಯವಿದ್ದಾಗ ಗಾಂಧೀಜಿ ಮತ್ತು ಸುಹ್ರವರ್ದಿಯವರು ವಾಸಿಸಿದ ಬೇಲಿಯಾಘಾಟದ ಹೈದರಿ ಮಂಝಿಲ್‌ನಲ್ಲಿ ಅವರ ಜೊತೆಗಿದ್ದರು. ಬಳಿಕ ಗಡಿಯ ಎರಡೂ ಬದಿಯ ಪಂಜಾಬಿನಲ್ಲಿ ನಿರಾಶ್ರಿತರ ನಡುವೆ ಸಂಚರಿಸಿದರು. ಅದೇ 1947ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸೇವಾ ಸಂಸ್ಥೆಗಳಿಗೆ ಜಂಟಿಯಾಗಿ ನೀಡಲಾಯಿತು. ಇಂದಿಗೂ ಜಗತ್ತಿನಲ್ಲಿ ಅವರ ಸಂಖ್ಯೆ ಸುಮಾರು ನಾಲ್ಕು ಲಕ್ಷವಷ್ಟೇ. ಸಂಖ್ಯೆಯಲ್ಲಿ ನಾವು ಕಡಿಮೆ, ನಮ್ಮಿಂದೇನಾದೀತು ಎಂದು ನಿಟ್ಟುಸಿರಿಡುವವರು ಈ ಅಂಕಿಯನ್ನು ನೆನಪಿಡಬೇಕು.

ನಾವು ನಿಂತಿರುವ ನೆಲವನ್ನೇ ನೋಡಿ. ದೇವದುರ್ಗದ ಬದಿಯಲ್ಲಿ ಕೃಷ್ಣೆ, ಮಾನ್ವಿಯ ಬದಿಯಲ್ಲಿ ತುಂಗಭದ್ರೆ; ನಡುವಿನ ಈ ಎಡೆದೊರೆ ನಾಡಿಗಾಗಿ ವಿಜಯನಗರ ಮತ್ತು ಬಹಮನಿ ಅರಸರು ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹನ ಸೇನೆಗಳು ಇಲ್ಲಿಯೇ ಎದುರಾದವು. ಎರಡೂ ಕಡೆ ಎರಡೂ ಧರ್ಮದ ಸೈನಿಕರಿದ್ದರು. ಇಬ್ಬರ ರಕ್ತವೂ ಇದೇ ಕಪ್ಪು ಮಣ್ಣಿನಲ್ಲಿ ಇಂಗಿತು. ನಮ್ಮ ಹಿರಿಯರ ನೆನಪಿನಲ್ಲಿ ಇದಕ್ಕಿಂತ ಹತ್ತಿರದ ಗಾಯವೂ ಇದೆ. ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳಲ್ಲಿ ರಜಾಕಾರರು ಹಿಂದೂ ಪ್ರಜೆಗಳ ಮೇಲೆ ದೌರ್ಜನ್ಯ ನಡೆಸಿದರು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ಬಳಿಕ, ಆ ದೌರ್ಜನ್ಯದಲ್ಲಿ ಕೈಯಿಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ ಸೇಡು ತೀರಿಸಲಾಯಿತು. ಆಗ ಕೇಂದ್ರ ಸರಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್, ಕಾಝಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿಯವರ ತಂಡ ಸಂಸ್ಥಾನದ ಜಿಲ್ಲೆಗಳಲ್ಲಿ ಸಂಚರಿಸಿ ನೊಂದವರ ಮಾತು ಕೇಳಿತು. ಕೊಂದವರ ಕುರಿತು ಬರೆದ ಅದೇ ವರದಿಯಲ್ಲಿ, ಜೀವದ ಹಂಗು ತೊರೆದು ಮುಸ್ಲಿಮ್ ನೆರೆಹೊರೆಯವರನ್ನು ಕಾಪಾಡಿದ ಹಿಂದೂಗಳ ಕುರಿತೂ ಅವರು ದಾಖಲಿಸಿದರು. ಅವರು ಕ್ವೇಕರರಲ್ಲ. ಆದರೆ ಮಾಡಿದ ಕೆಲಸ ಅದೇ ಜಾತಿಯದು. ಮಕ್ಕಳಿಗೆ ಆ ಗಾಯದ ಕಥೆ ಹೇಳುವವರು ಕಾಪಾಡಿದವರ ಕಥೆಯನ್ನೂ ಹೇಳಲಿ. ಅರ್ಧ ಕಥೆ ಹೇಳಿದರೆ ಸೇಡು ಬೆಳೆಯುತ್ತದೆ.

2009ರಲ್ಲಿ ನೆರೆ ಬಂದು ನದಿ ದಂಡೆಯ ನಮ್ಮ ಹಳ್ಳಿಗಳು ಮುಳುಗಿದವು. ಕತ್ತಿನ ಮಟ್ಟದ ನೀರಿನಲ್ಲಿ ನಿಂತವನ ಧರ್ಮವನ್ನು ಯಾರೂ ಕೇಳುವುದಿಲ್ಲ. ಪ್ರಶ್ನೆ ಏಳುವುದು ನೀರಿಳಿದ ಮೇಲೆ, ಸಹಾಯದ ಪಟ್ಟಿ ಮಾಡುವಾಗ. ಆ ಪಟ್ಟಿಯನ್ನು ಹಸಿವಿನ ಪ್ರಕಾರ ಮಾಡುತ್ತೇವೋ, ಹೆಸರಿನ ಪ್ರಕಾರ ಮಾಡುತ್ತೇವೋ ಎಂಬುದರ ಮೇಲೆ ನಮ್ಮ ಶಾಂತಿಯ ಮಾತಿನ ಬೆಲೆ ನಿಂತಿದೆ.

ಶಾಂತಿಯಿಂದ ನ್ಯಾಯ ಬೇರೆಯಲ್ಲ. ಇದನ್ನು ತಿಳಿಯಲು ಮಾನ್ವಿಯವರು ಪುಸ್ತಕ ಓದಬೇಕಿಲ್ಲ. ಕಾಲುವೆ ನೋಡಿದರೆ ಸಾಕು. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಗಂಗಾವತಿ, ಸಿಂಧನೂರು ದಾಟಿ ಅದು ನಮ್ಮ ಕಡೆ ಬರಬೇಕು. ಮೇಲ್ಭಾಗದಲ್ಲಿ ಭತ್ತದ ಗದ್ದೆ ತುಂಬಿ ತುಳುಕುವಾಗ ಕೊನೆ ಭಾಗದ ರೈತ ಒಣಗಿದ ಉಪಕಾಲುವೆಯಲ್ಲಿ ನಿಂತು ನೀರಿಗಾಗಿ ಕೂಗುತ್ತಾನೆ. ಜಲಾಶಯದಲ್ಲಿ ನೀರಿದೆ, ಕಾಗದದಲ್ಲಿ ಪಾಲಿದೆ. ಹೊಲದಲ್ಲಿ ಮಾತ್ರ ಇಲ್ಲ. ಸಮಾಜವೂ ಹೀಗೆಯೇ. ನ್ಯಾಯ ಇದೆಯೇ ಎಂದು ತಿಳಿಯಲು ಮೇಲಿನ ತೂಬಿನ ಬಳಿ ನಿಂತು ನೋಡಿದರೆ ಸಾಲದು, ಕಾಲುವೆಯ ಕೊನೆಗೆ ಹೋಗಬೇಕು. 2002ರ ಡಾ. ನಂಜುಂಡಪ್ಪ ಸಮಿತಿ ವರದಿಯು ದೇವದುರ್ಗ ಮತ್ತು ಮಾನ್ವಿಯನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿರಿಸಿತು. ಸಂವಿಧಾನಕ್ಕೆ 371(ಜೆ) ಸೇರಿತು, 2018ರಲ್ಲಿ ರಾಯಚೂರು ‘ಮಹತ್ವಾಕಾಂಕ್ಷೆಯ ಜಿಲ್ಲೆ’ಯಾಯಿತು. ಆದರೂ ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೊರಡುವ ಬಸ್ಸುಗಳು ತುಂಬಿಯೇ ಹೋಗುತ್ತವೆ. ಸರಕಾರವನ್ನು ಕೇಳೋಣ, ಕೇಳಲೇಬೇಕು. ಆದರೆ ನಮ್ಮ ಸಮುದಾಯದೊಳಗಿನ ಕಾಲುವೆಯ ಕೊನೆ ಭಾಗಕ್ಕೆ ನೀರು ಬಿಡದೆ ಇರುವವರು ಯಾರು?

ಮಾನ್ವಿ ತಾಲೂಕಿನ ಪೋತ್ನಾಳದಲ್ಲಿ ಜಾಗೃತ ಮಹಿಳಾ ಸಂಘಟನೆಯಿದೆ. ಕೂಲಿ ಮಾಡುವ ದಲಿತ ಮಹಿಳೆಯರು ಕಟ್ಟಿಕೊಂಡದ್ದು. ಮಣ್ಣಿನ ಆಭರಣ ಮಾಡಿ ಮಾರುವುದನ್ನು ಕಲಿತರು, ಹಕ್ಕು ಕೇಳುವುದನ್ನು ಕಲಿತರು, ಶಾಲೆ ತಪ್ಪಿದ ಮಕ್ಕಳಿಗಾಗಿ ‘ಚಿಲಿಪಿಲಿ’ ಎಂಬ ಶಾಲೆ ನಡೆಸಿದರು. ನಮ್ಮ ಆ ಗಾರೆ ಕಾರ್ಮಿಕರು ಕೇಳಿದ್ದೂ ಇಂಥದ್ದನ್ನೇ ಅಲ್ಲವೇ? ಕಾಲುವೆಯ ಕೊನೆಯಲ್ಲಿ ನಿಂತವರಿಗೆ ಏನು ಬೇಕೆಂಬುದು ಅವರಿಗೆ ಗೊತ್ತಿದೆ. ಕೇಳುವ ಕಿವಿ ಬೇಕು.

ಆ ಕಿವಿಯನ್ನು ಕ್ವೇಕರರು ಹೇಗೆ ಬೆಳೆಸಿಕೊಂಡರು? ಅವರ ವ್ಯವಹಾರ ಸಭೆಯಲ್ಲಿ ಮತದಾನವಿಲ್ಲ. ಎಲ್ಲರೂ ಮೌನವಾಗಿ ಕುಳಿತು ಆರಂಭಿಸುತ್ತಾರೆ. ಒಬ್ಬರು ಮಾತನಾಡಿದ ಮೇಲೆ ತುಸು ಮೌನ, ಆಮೇಲೆ ಇನ್ನೊಬ್ಬರು. ಮಾತಿನ ಮಧ್ಯೆ ಬಾಯಿ ಹಾಕುವಂತಿಲ್ಲ. ಸಭೆ ಯಾವ ಕಡೆ ವಾಲುತ್ತಿದೆ ಎಂಬುದನ್ನು ಗ್ರಹಿಸಿ ಕಾರ್ಯದರ್ಶಿಯು ಅಲ್ಲಿಯೇ ನಿರ್ಣಯ ಬರೆದು ಗಟ್ಟಿಯಾಗಿ ಓದುತ್ತಾರೆ. “ಇದು ನಾವು ಹೇಳಿದ್ದಲ್ಲ” ಎಂದು ಯಾರಾದರೂ ಎದ್ದರೆ ತಿದ್ದಿ ಮತ್ತೆ ಓದುತ್ತಾರೆ. ಒಪ್ಪಿಗೆ ಮೂಡದಿದ್ದರೆ ವಿಷಯ ಮುಂದಿನ ಸಭೆಗೆ ಹೋಗುತ್ತದೆ. ಶೂರಾ ಎಂಬ ಹೆಸರಿನದೇ ಒಂದು ಅಧ್ಯಾಯ ಕುರ್‌ಆನಿನಲ್ಲಿರುವ ನಾವು, ಮುತವಲ್ಲಿ ಚುನಾವಣೆಗಾಗಿ ಕೋರ್ಟು ಮೆಟ್ಟಿಲು ಹತ್ತುತ್ತೇವೆ. ಒಂದೇ ಗಲ್ಲಿಯಲ್ಲಿ ಎರಡು ಕಮಿಟಿ ಮಾಡಿಕೊಳ್ಳುತ್ತೇವೆ. ಇದು ಲಜ್ಜೆಯ ವಿಷಯವಲ್ಲವೇ?

ಆದರೆ ಅವರನ್ನು ಹೊಗಳಿ ಮುಗಿಸಿದರೆ ನಾವು ಸತ್ಯ ಹೇಳಿದಂತಾಗುವುದಿಲ್ಲ. ಅಮೆರಿಕದಲ್ಲಿ ಅನೇಕ ಕ್ವೇಕರರು ಗುಲಾಮರನ್ನು ಇಟ್ಟುಕೊಂಡಿದ್ದರು. 1688ರಲ್ಲಿಯೇ ಜರ್ಮನ್‌ಟೌನ್‌ನ ನಾಲ್ವರು ಇದು ಪಾಪವೆಂದು ಬರೆದು ಕೊಟ್ಟರು. ಸಭೆ ಅದನ್ನು ಬದಿಗಿಟ್ಟಿತು. ಬೆಂಜಮಿನ್ ಲೇ ಎಂಬ ಗೂನು ಬೆನ್ನಿನ, ನಾಲ್ಕಡಿ ಎತ್ತರದ ಮನುಷ್ಯ ಸಭೆ ಸಭೆಗೂ ಹೋಗಿ ಗುಲಾಮರ ಪರವಾಗಿ ಕೂಗಿದರು. 1738ರಲ್ಲಿ ಕೆಂಪು ಹಣ್ಣಿನ ರಸ ಅಡಗಿಸಿದ್ದ ಪುಸ್ತಕವನ್ನು ಸಭೆಯ ನಡುವೆ ಇರಿದರು. ಗುಲಾಮರ ಒಡೆಯರ ಮೇಲೆ ರಕ್ತದಂತೆ ರಸ ಚಿಮ್ಮಿತು. ಸಮುದಾಯ ಅವರನ್ನು ಹೊರಹಾಕಿತು. ಫಿಲಡೆಲ್ಫಿಯಾದ ಕ್ವೇಕರರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಪೂರ್ಣವಾಗಿ ನಿಷೇಧಿಸಿದ್ದು 1776ರಲ್ಲಿ. ಅಂದರೆ 88 ವರ್ಷ! ಎಲ್ಲರೂ ಒಪ್ಪಲಿ ಎಂದು ಒಡೆಯರು ಕಾದರು. ಕಾದ ಪ್ರತಿ ವರ್ಷದ ಬೆಲೆಯನ್ನು ಆ ಸಭೆಯೊಳಗೆ ಪ್ರವೇಶವೇ ಇಲ್ಲದ ಗುಲಾಮರು ತೆತ್ತರು. ಬೆಂಜಮಿನ್ ಲೇ 1759ರಲ್ಲಿ ತೀರಿಕೊಂಡರು. ಅವರನ್ನು ಹೊರಹಾಕಿದ ಸಭೆಗಳು ತಮ್ಮ ತಪ್ಪೊಪ್ಪಿ ಅವರನ್ನು ತಮ್ಮವರೆಂದು ಗೌರವಿಸಲು 2018ರವರೆಗೆ ಕಾಯಬೇಕಾಯಿತು.

ಈ ವೈಫಲ್ಯವೇ ನಮಗೆ ದೊಡ್ಡ ಪಾಠ. ಸಭೆಯಲ್ಲಿ ಇಲ್ಲದವರನ್ನು, ಇದ್ದೂ ಬಾಯಿ ಮುಚ್ಚಿಸಿದವರನ್ನು ಲೆಕ್ಕಕ್ಕೆ ಹಿಡಿಯದ ಸರ್ವಾನುಮತವು ಬಲಿಷ್ಠರ ಒಪ್ಪಂದ ಮಾತ್ರ. ಗದ್ದಲವಿಲ್ಲ ಎಂದ ಮಾತ್ರಕ್ಕೆ ಅದು ಶಾಂತಿಯಲ್ಲ. ಹಾಗೆಯೇ, ಸುಧಾರಣೆಯ ಮಾತಾಡಿದವರನ್ನು ‘ಫಿತ್ನಾ ಹಬ್ಬಿಸುವವರು’ ಎಂದು ಹೊರದಬ್ಬುವ ಮುನ್ನ ನೂರು ಬಾರಿ ಯೋಚಿಸಬೇಕು.

ಸಹೋದರ ಸಹೋದರಿಯರೇ, ಹಾಗಾದರೆ ನಾವೇನು ಮಾಡಬಹುದು? ಕಮಿಟಿಯ ಸಭೆಯಲ್ಲಿ ಮೊದಲ ಮಾತು ಹಿಂದಿನ ಸಾಲಿನವರಿಗೆ ಸಿಗಲಿ. ಮಹಿಳೆಯರ ಅಭಿಪ್ರಾಯವನ್ನು ಅವರ ಬಾಯಿಂದಲೇ ಕೇಳುವ ವ್ಯವಸ್ಥೆಯಾಗಲಿ. ನಿರ್ಣಯವನ್ನು ಅಲ್ಲಿಯೇ ಬರೆದು ಓದಿ ಹೇಳಲಿ, ಭಿನ್ನಮತವನ್ನೂ ದಾಖಲಿಸಲಿ. ಝಕಾತ್‌ನ ವಿತರಣೆಗೆ ನಮ್ಮ ನಿಯಮಗಳಿವೆ. ಆದರೆ ದಾನದ ಅನ್ನ, ಔಷಧಿ, ಪುಸ್ತಕ ನೆರೆಮನೆಯ ಹಿಂದೂ ಬಡವನಿಗೂ ತಲುಪಲಿ. ಕೂಲಿಯನ್ನು ದಿನಕ್ಕೆ ದಿನ ಕೊಡೋಣ, ಕೂಲಿಕಾರನನ್ನು ‘ನೀವು’ ಎನ್ನೋಣ. ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ.

ಕೊನೆಯದಾಗಿ ನಮ್ಮ ಪಾಲಿನ ಸಾಲವನ್ನು ತೀರಿಸಿ ಕುಳಿತುಕೊಳ್ಳುತ್ತೇವೆ. ಆ ಅಮೃತಶಿಲೆ ಈಗ ಫಳಫಳ ಹೊಳೆಯುತ್ತಿದೆ. ಅದರ ಮೇಲೆ ನಾವೂ ಸಜ್ದಾ ಮಾಡಿದ್ದೇವೆ. ಪಕ್ಕದ ಜಾಗ ಇನ್ನೂ ಖಾಲಿ ಇದೆ. ಆ ಹಿರಿಯರು ಅದೇ ತಿಂಗಳು ಮೊಮ್ಮಗನನ್ನೂ ಕರೆದುಕೊಂಡು ಬೆಂಗಳೂರಿಗೆ ಹೋದರೆಂದು ಆಮೇಲೆ ತಿಳಿಯಿತು. ಅಂದು ಬರೆದ ವರದಿಯನ್ನು ಇಂದು ನಿಮ್ಮೆಲ್ಲರ ಸಾಕ್ಷಿಯಲ್ಲಿ ತಿದ್ದುತ್ತಿದ್ದೇವೆ. ಆ ನಿರ್ಣಯ ಸರ್ವಾನುಮತದ್ದಾಗಿರಲಿಲ್ಲ. ಒಬ್ಬರು ಎದ್ದು ನಿಂತಿದ್ದರು. ಅವರು ಎರಡು ಕೋಣೆ ಕೇಳಿದ್ದರು.

ಆ ಕೋಣೆಗಳ ಮಾತನ್ನು ಮತ್ತೆ ಎತ್ತುವ ಧೈರ್ಯವನ್ನೂ, ಎತ್ತಿದಾಗ ಕೇಳುವ ಸಹನೆಯನ್ನೂ ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.